ಕೋಣೆಯಲ್ಲಿ ಬೇರೆ ಯಾರೂ ಇರಕೂಡದು

ಸರ್ಕಾರಿ ನೌಕರರು ಮನೆಯಿಂದಲೇ ಕೆಲಸ ಮಾಡಬಹುದೆಂಬ ಕಾಯ್ದೆ ಬಂದಾಗ ನಮ್ಮ ಪಿಂಚಣಿ ಕಚೇರಿಯಲ್ಲಿ ನನ್ನಷ್ಟು ಕುಣಿದವರು ಯಾರೂ ಇಲ್ಲ. ಅಪ್ಪನಿಗೆ ಮರೆವಿನ ಕಾಯಿಲೆ. ಮನೆಯಲ್ಲಿ ನಾವಿಬ್ಬರೇ. ಜೀವಮಾನವಿಡೀ ಬಸ್ಸು ಓಡಿಸಿದ ಮನುಷ್ಯ ಈಗ ಅಡುಗೆಮನೆಗೆ ದಾರಿ ಕೇಳುತ್ತಾರೆ. ನಾನು ಕಣ್ಣಿಗೆ ಬೀಳದಿದ್ದರೆ ಗಾಬರಿಯಾಗಿ ಬೀದಿಗಿಳಿಯುತ್ತಾರೆ.

ಕಾಯ್ದೆಯನ್ನು ಪೂರ್ತಿ ಓದಿದ ಮೇಲೆ ಕುಣಿತ ನಿಂತಿತು. ಕಾಯಿಲೆಯವರನ್ನು ನೋಡಿಕೊಳ್ಳುವವರಿಗೆ ಮನೆಯಿಂದ ಕೆಲಸ ಕೊಡಬೇಕು ಎನ್ನುತ್ತದೆ ಒಂದು ಕಲಂ. ಜನರ ಕಡತ ತೆರೆದಿರುವಾಗ ಆ ಕೋಣೆಯಲ್ಲಿ ಬೇರೆ ಯಾರೂ ಇರಕೂಡದು ಎನ್ನುತ್ತದೆ ಅದರ ಮುಂದಿನದು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಇದನ್ನು ಬರೆದ ಪುಣ್ಯಾತ್ಮ ಒಂದು ದಿನವೂ ಯಾರ ಬಾಯಿಗೂ ತುತ್ತು ಇಟ್ಟಿರಲಿಕ್ಕಿಲ್ಲ.

ಆದರೂ ಅನುಮತಿ ಪಡೆದು, ಅಪ್ಪನನ್ನು ಪಕ್ಕದಲ್ಲೇ ಕೂರಿಸಿಕೊಂಡು ಕೆಲಸ ಶುರು ಮಾಡಿದೆ. ಪರಿಶೀಲನೆಯ ವಿಡಿಯೋ ಕರೆ ಯಾವಾಗ ಬೇಕಾದರೂ ಬರಬಹುದು. ಸಿಕ್ಕಿಬಿದ್ದರೆ ಅನುಮತಿ ರದ್ದು, ಮರುದಿನದಿಂದ ಕಚೇರಿಗೆ ಹೋಗಬೇಕು. ಆಗ ಅಪ್ಪನ ಗತಿ? ಅದನ್ನು ನೆನೆದರೆ ಅನ್ನ ಸೇರುತ್ತಿರಲಿಲ್ಲ.

ಕರೆ ಬಂದಾಗ ಅಪ್ಪ ನನ್ನ ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತು ಟವೆಲ್ಲು ಮಡಚುತ್ತಿದ್ದರು. ಬೇರೆ ಕೋಣೆಯಲ್ಲಿ ಕೂರಿಸಿದರೆ ಹಿಂದೆಯೇ ಬರುತ್ತಾರೆ. ಹೊರಗಿನಿಂದ ಚಿಲಕವಿರುವುದು ಬಚ್ಚಲುಮನೆಗೆ ಮಾತ್ರ.

“ಬನ್ನಿ ಅಪ್ಪಾ, ಕೈ ತೊಳ್ಕೊಳ್ಳೋಣ” ಎಂದೆ.

ನನ್ನ ಕೈ ಹಿಡಿದುಕೊಂಡು ಬಂದರು. ಒಳಗೆ ಬಿಟ್ಟು ಚಿಲಕ ಹಾಕಿ, ಓಡಿ ಬಂದು ಕರೆ ತೆಗೆದುಕೊಂಡೆ.

ತೆರೆಯ ಮೇಲೆ ಪರಿಶೀಲನಾಧಿಕಾರಿ. “ಲ್ಯಾಪ್‌ಟಾಪ್ ಎತ್ತಿ ಸುತ್ತ ತೋರ್ಸಿ ಮೇಡಂ. ನಿಧಾನಕ್ಕೆ. ಮೇಜಿನ ಕೆಳಗೂ.”

ಗೋಡೆ, ಕಿಟಕಿ, ಬೀರು ಎಲ್ಲ ತೋರಿಸಿದೆ. ಅಷ್ಟರಲ್ಲಿ ಬಚ್ಚಲಿನ ಬಾಗಿಲು ಬಡಿಯುವ ಸದ್ದು ಶುರುವಾಯಿತು.

“ಅದೇನ್ ಸದ್ದು?”

“ಪಕ್ಕದ್ಮನೇಲಿ ರಿಪೇರಿ ಸರ್.”

“ನಿಮ್ ತಂದೆ ಎಲ್ಲಿ?”

“ಮಲಗಿದಾರೆ ಸರ್.”

ಬಡಿತ ಜೋರಾಯಿತು. ಆಮೇಲೆ ಏನೋ ಧೊಪ್ಪನೆ ಬಿದ್ದ ಸದ್ದು. ಅದಾದ ಮೇಲೆ ಏನೂ ಇಲ್ಲ. ಬಡಿಯುತ್ತಿದ್ದಾಗ ಇಲ್ಲದ ಭಯ ಈಗ ಹುಟ್ಟಿತು. ಒದ್ದೆ ನೆಲ, ಅಪ್ಪನ ವಯಸ್ಸು, ನಲ್ಲಿಯ ಚೂಪು ಮೂತಿ. ಎದ್ದು ಓಡಬೇಕು, ಓಡಿದರೆ ಎಲ್ಲ ಮುಗಿಯಿತು. ಅಲ್ಲೇ ಕೂತಿದ್ದೆ. ಆತ ಆರಾಮವಾಗಿ ಏನೇನೋ ಗುರುತು ಹಾಕಿಕೊಳ್ಳುತ್ತಿದ್ದ.

“ಎಲ್ಲಾ ಸರಿಯಾಗಿದೆ ಮೇಡಂ. ಇನ್ನೊಂದ್ ವರ್ಷ ಮನೆಯಿಂದ್ಲೇ ಮಾಡಿ.”

“ತುಂಬಾ ಥ್ಯಾಂಕ್ಸ್ ಸರ್” ಎಂದು ನಕ್ಕೆ. ಆ ನಗು ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ.

ತೆರೆ ಆರಿದ್ದೇ ಓಡಿ ಚಿಲಕ ಎಳೆದೆ. ಬಕೆಟ್ಟು ಮಗುಚಿ ಬಿದ್ದಿತ್ತು. ಅಪ್ಪ ಮೂಲೆಯಲ್ಲಿ ಮಂಡಿ ಅಪ್ಪಿಕೊಂಡು, ತೊಯ್ದು ತೊಪ್ಪೆಯಾಗಿ ಕೂತಿದ್ದರು. ಗಾಯ ಎಲ್ಲೂ ಇರಲಿಲ್ಲ. ಹೋದ ಜೀವ ಬಂದಂತಾಗಿ ಅವರ ಕೈ ಹಿಡಿಯಲು ಬಗ್ಗಿದೆ.

ಅವರು ತಲೆಗೆ ಕೈ ಅಡ್ಡ ಹಿಡಿದು ಗೋಡೆಗೆ ಒತ್ತಿಕೊಂಡರು.

“ಹೊಡೀಬೇಡಿ ಅಮ್ಮಾ” ಎಂದರು. “ನನ್ ಮಗಳು ಇಲ್ಲೇ ಒಳಗೆ ಕೆಲಸ ಮಾಡ್ತಿದಾಳೆ. ಅವಳನ್ನ ಸ್ವಲ್ಪ ಕರೀರಿ. ಅವಳು ಬಂದ್ರೆ ನನ್ನ ಬಿಡಿಸ್ಕೊಂಡ್ ಹೋಗ್ತಾಳೆ.”

“ನಾನೇ ಅಪ್ಪಾ, ನಾನೇ” ಎಂದೆ. ಅವರು ನನ್ನ ಭುಜದಾಚೆ ಬಾಗಿಲನ್ನೇ ನೋಡುತ್ತಿದ್ದರು.