ಅಂದಪ್ಪನವರ ಎದೆಬಡಿತ

ಇಲಕಲ್ಲಿನ ಸೀರೆ ವ್ಯಾಪಾರಿ ಅಂದಪ್ಪನವರು ತಮಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದ ದಿನದಿಂದ ಅದನ್ನೂ ಒಂದು ಆಸ್ತಿಯಂತೆ ಊರಿಗೆಲ್ಲ ತೋರಿಸುತ್ತ ತಿರುಗಿದರು. ಇದು ಉಂಡುಟ್ಟ ಮಂದಿಗೆ ಬರುವ ಬೇನೆ ಎಂಬುದು ಅವರ ಹೆಮ್ಮೆ. ಪಥ್ಯ ಮಾತ್ರ ಮಾಡುತ್ತಿರಲಿಲ್ಲ. ಸಿಹಿ ಊಟವಿದ್ದ ದಿನ ಒಂದರ ಬದಲು ಎರಡು ಗುಳಿಗೆ ನುಂಗಿ, ರೋಗಕ್ಕೇ ಮೋಸ ಮಾಡಿದೆನೆಂದು ಮೀಸೆ ತೀಡುತ್ತಿದ್ದರು. ಹೆಂಡತಿ ಸಿದ್ದವ್ವ ಮೊದಮೊದಲು ಬೇಡವೆಂದಳು, ಆಮೇಲೆ ಹೇಳುವುದನ್ನೇ ಬಿಟ್ಟಳು. ಗಂಡನ ಮೇಲೆ ಅವಳಿಗೆ ಸಿಟ್ಟೂ ಉಳಿದಿರಲಿಲ್ಲ. ಅಡುಗೆಮನೆಯಲ್ಲಿ ಇಲಿ ಓಡಾಡಿದರೆ ಎಷ್ಟು ಹೇಸಿಕೆಯೋ ಅಷ್ಟು ಉಳಿದಿತ್ತು.

ಸಾವಿರದ ಒಂಬೈನೂರ ಎಪ್ಪತ್ತೆಂಟರ ಬೇಸಿಗೆಯಲ್ಲಿ ಕಮತಗಿಯಲ್ಲಿ ಸಿದ್ದವ್ವನ ತಮ್ಮ ಅಮಾತೆಪ್ಪನ ಮಗಳ ಮದುವೆಯಾಯಿತು. ಹೋಳಿಗೆ ಊಟವೆಂದು ಗೊತ್ತಿದ್ದ ಅಂದಪ್ಪ ಅವತ್ತೂ ಎರಡು ಗುಳಿಗೆ ನುಂಗಿಯೇ ಮನೆ ಬಿಟ್ಟರು. ಬೆಳಗಿನ ನಾಷ್ಟಾಕ್ಕೆ ಕೈ ಅಡ್ಡ ಹಿಡಿದರು. ಹೊಟ್ಟೆಯಲ್ಲಿ ಜಾಗ ಇರಬೇಕಂತೆ.

ಅಕ್ಷತೆ ಬಿದ್ದ ಮೇಲೆ ಹಿರಿಯರ ತಲೆಗೆ ಮರ್ಯಾದೆಯ ಪಟಕಾ ಸುತ್ತುವಾಗ ಅಮಾತೆಪ್ಪ ಗಡಿಬಿಡಿಯಲ್ಲಿ ಬೀಗರ ಕಡೆಯ ಮುದುಕನೊಬ್ಬನಿಗೆ ಮೊದಲು ಸುತ್ತಿಬಿಟ್ಟ. ಅಷ್ಟೇ ಸಾಕಾಯಿತು. ಅಂದಪ್ಪ ಧೋತರ ಕೊಡವಿಕೊಂಡು ಎದ್ದು ಹಂದರದ ಹೊರಗಿನ ಬೇವಿನ ಕಟ್ಟೆಯ ಮೇಲೆ ಹೋಗಿ ಕೂತರು.

“ಈ ಮನಿಯಾಗ ನಾ ನೀರೂ ಮುಟ್ಟೂದಿಲ್ಲ.”

ಅಮಾತೆಪ್ಪ ಓಡಿಬಂದು ಕೈಮುಗಿದ. “ತಪ್ಪಾತ್ರಿ ಮಾವಾರ. ಎಲಿ ಹಾಕ್ಯಾರ, ಬರ್ರಿ.”

“ಆ ಮುದುಕಗ ಉಣಿಸು ಹೋಗು. ನಾ ಯಾವ ಲೆಕ್ಕದಾಂವ?”

ಗಂಡನಿಗೆ ಊಟಕ್ಕಿಂತ ಬೇಡಿಸಿಕೊಳ್ಳುವುದೇ ರುಚಿ ಎಂಬುದು ಸಿದ್ದವ್ವನಿಗೆ ಗೊತ್ತಿತ್ತು. ಮಂದಿ ಬಂದು ರಟ್ಟೆ ಹಿಡಿದು ಎಳೆಯಬೇಕು, ಇವರು ಕೊಸರಿಕೊಳ್ಳಬೇಕು. “ಬಿಡೋ ತಮ್ಮಾ, ಹಸಿವಾದ್ರ ತಾವ ಬರ್ತಾರ,” ಎಂದು ತಮ್ಮನನ್ನು ಒಳಗೆ ಕಳಿಸಿದಳು. ಗುಳಿಗೆ ನುಂಗಿ ಉಪವಾಸ ಇರಬಾರದೆಂದು ಡಾಕ್ಟರು ಹೇಳಿದ್ದು ಅವಳಿಗೆ ನೆನಪಾಗದೆ ಇರಲಿಲ್ಲ. ಒಂದಿಷ್ಟು ಹಸಿಯಲಿ, ಸೊಕ್ಕು ಇಳಿದೀತು ಎಂದುಕೊಂಡಳು.

ಮೊದಲ ಪಂಕ್ತಿ ಎದ್ದಿತು. ತುಪ್ಪದ ವಾಸನೆ ಕಟ್ಟೆಯವರೆಗೂ ಹೋಗುತ್ತಿತ್ತು. ಸಿದ್ದವ್ವ ಹೊರಗೆ ಇಣುಕಿದಾಗ ಅಂದಪ್ಪ ಹೊಟ್ಟೆ ಹಿಡಿದುಕೊಂಡು ಮುಂದಕ್ಕೆ ಬಾಗಿದ್ದರು. ಅಂಗಿ ಬೆವರಿಗೆ ಮೈಗಂಟಿತ್ತು. ಕೈ ಗಡಗಡ ನಡುಗುತ್ತಿತ್ತು.

“ಏ, ಬಾ ಇಲ್ಲೆ. ಹೊಟ್ಟಿ ಕಿವುಚಿದಂಗ ಆಗಾಕತ್ತೈತಿ, ವಾಂತಿ ಬಂದಂಗ ಆಗ್ತೈತಿ. ಎದಿ ಢವಢವ ಅಂತೈತಿ. ಹಾರ್ಟ್ ಅಟ್ಯಾಕ ಇದು!” ಆ ಸಂಕಟದಲ್ಲೂ ಕೊನೆಯ ಮಾತನ್ನು ಹಂದರಕ್ಕೆಲ್ಲ ಕೇಳುವಂತೆ ಹೇಳಿದರು.

“ಹಸಿವ್ರಿ ಅದು. ಎದ್ದು ಬರ್ರಿ.”

“ನನಗ ಹಸಿವು? ನಾ ಏನ್ ತಿರುಕನೇನ?”

ಬರಬರುತ್ತ ನಾಲಿಗೆ ತೊದಲಿತು. ಅಮಾತೆಪ್ಪನ ಮುಖ ನೋಡಿ, “ನೀ ಯಾವೂರಾಂವ?” ಎಂದರು. ಹಿಂದೆ ಯಾರೋ, “ಮುಂಜಾನಿಂದನ ಏರಿಸ್ಯಾರೇನ?” ಎಂದು ನಕ್ಕರು. ಸಿದ್ದವ್ವ ನಗಲಿಲ್ಲ. ಆ ಕಣ್ಣಲ್ಲಿ ಗಂಡನ ಗುರುತೇ ಇರಲಿಲ್ಲ. ಗುಳಿಗೆ ನುಂಗಿ ಉಪವಾಸವಿದ್ದು ಹೀಗಾದರೆ ಸಿಹಿ ಕೊಡಿರೆಂದಿದ್ದ ಡಾಕ್ಟರ ಮಾತು ನೆನಪಾಯಿತು. ಅಡುಗೆಯವರ ಕಡೆ ಓಡಿ, ಮುಷ್ಟಿಗಟ್ಟಲೆ ಸಕ್ಕರೆ ನೀರಿಗೆ ಸುರಿದು ಕಲಸಿಕೊಂಡು ಬಂದಳು.

ಲೋಟ ತುಟಿಗೆ ಹಿಡಿದರೆ ಅಂದಪ್ಪ ಮುಖ ತಿರುಗಿಸಿದರು. “ನೀರೂ... ಮುಟ್ಟೂದಿಲ್ಲ...”

“ಮುಟ್ಟಬ್ಯಾಡ್ರಿ, ನುಂಗ್ರಿ!” ಸಿದ್ದವ್ವ ಗದ್ದ ಹಿಡಿದು ಎತ್ತಿದಳು. ನುಂಗುವಷ್ಟು ಎಚ್ಚರ ಇನ್ನೂ ಇತ್ತು. ಗುಟುಕು ಗುಟುಕಾಗಿ ಕುಡಿಸಿದಳು. ಸ್ವಲ್ಪ ಹೊತ್ತಿಗೆ ನಡುಕ ನಿಂತಿತು, ಕಣ್ಣು ತಿಳಿಯಾದವು. ತಾಟಿನಲ್ಲಿ ಅನ್ನ ಸಾರು ತಂದಿಟ್ಟಾಗ, ನೀರೂ ಮುಟ್ಟೆನೆಂದಿದ್ದ ಅಂದಪ್ಪ ಹಂದರದ ಮಂದಿಯೆಲ್ಲ ನೋಡುತ್ತಿದ್ದಂತೆ ಬೆರಳು ನೆಕ್ಕುತ್ತ ಉಂಡರು. ಸಿದ್ದವ್ವ ನೋಡಲಾಗದೆ ಆಚೆ ತಿರುಗಿ ನಿಂತಳು.

ಅಮಾತೆಪ್ಪ ಯಾರದೋ ಜೀಪು ಹಿಡಿದು ಅವರನ್ನೂ ಸಿದ್ದವ್ವನನ್ನೂ ಹುನಗುಂದದ ದವಾಖಾನೆಗೆ ಕರೆದೊಯ್ದ. ಡಾಕ್ಟರು ಎದೆಗೆ ನಳಿಕೆ ಇಟ್ಟು ನೋಡಿದರು, ರಕ್ತ ತೆಗೆಸಿದರು.

“ಎದಿ ಗಟ್ಟಿ ಐತ್ರಿ. ಗುಳಿಗಿ ಜಾಸ್ತಿಯಾಗಿ, ಊಟ ತಪ್ಪಿ, ರಕ್ತದಾಗಿನ ಸಕ್ಕರಿ ಇಳದಿತ್ತು. ಹಂಗ ಇಳದಾಗ ಮೈ ಗಾಬರಿ ಆಗ್ತೈತಿ. ಎದಿ ಓಡ್ತೈತಿ, ಬೆವರ ಬರ್ತೈತಿ, ಹೊಟ್ಟಿ ಹಸದು ತೊಳಸತೈತಿ. ಇನ್ನೂ ಇಳದ್ರ ತಲಿ ಕೆಲಸ ಮಾಡೂದಿಲ್ಲ, ಜೀವಕ್ಕೂ ಕುತ್ತು. ಗುಳಿಗಿ ಇನ್ನೂ ಮೈಯಾಗ ಐತಿ, ಇವತ್ತು ಇಲ್ಲೇ ಇರ್ರಿ.”

ಅಂದಪ್ಪನವರ ಮುಖ ಸಪ್ಪಗಾಯಿತು. “ಹಂಗಾದ್ರ ಅಟ್ಯಾಕ ಅಲ್ಲೇನ್ರಿ?”

“ಅಲ್ರಿ.”

ದೊಡ್ಡ ರೋಗ ಕೈತಪ್ಪಿಹೋಯಿತೆಂದು ಗಂಡ ಹಲುಬುವುದನ್ನು ಸಿದ್ದವ್ವ ಜೀವಮಾನದಲ್ಲಿ ಮೊದಲ ಸಲ ನೋಡಿದಳು. ಇಂಥವನಿಗಾಗಿ ಓಡಿದೆನಲ್ಲ ಎನಿಸಿತು.

ಇಲಕಲ್ಲಿಗೆ ಮರಳಿದ ಮೇಲೆ ಅಂದಪ್ಪ ಹಾಸಿಗೆ ಹಾಸಿಸಿಕೊಂಡು, ಸಾವಿನ ಬಾಗಿಲು ನೋಡಿಬಂದ ಕಥೆ ಹೇಳತೊಡಗಿದರು. ರೇಷ್ಮೆ ನೂಲಿನ ವ್ಯಾಪಾರಿ ಜಲಾಲುದ್ದೀನ ಮಾತನಾಡಿಸಲು ಬಂದ.

“ಅಟ್ಯಾಕ ಆಗಿತ್ತಂತಲ್ರಿ ಸಾವ್ಕಾರ?”

ಅಂದಪ್ಪ ಕಣ್ಣು ಮುಚ್ಚಿ ಎದೆ ಸವರಿಕೊಂಡರು. ಚಹಾ ತಂದ ಸಿದ್ದವ್ವ ಅಲ್ಲೇ ನಿಂತಳು.

“ಅಟ್ಯಾಕ ಅಲ್ಲಣ್ಣಾ. ಸಿಟ್ಟು ಮಾಡಿ ಊಟ ಬಿಟ್ಟಿದ್ರು. ಹಸಿವಿಗೆ ಎದಿ ಬಡಕೊಂಡಿತ್ತು, ನಾನ ಸಕ್ಕರಿ ನೀರು ಕುಡಿಸಿದ್ನಿ.”

ಜಲಾಲುದ್ದೀನ ನಗು ತಡೆಯಲಾರದೆ ಚಹಾದ ಬಸಿಗೆ ಮುಖ ಇಟ್ಟ. ಅಂದಪ್ಪ ಗೋಡೆಯ ಕಡೆ ಹೊರಳಿದರು. ಮರುದಿನ ಹಾಸಿಗೆ ಸುತ್ತಿಟ್ಟು ಅಂಗಡಿಗೆ ಹೋದರು. ಮಧ್ಯಾಹ್ನ ಹೊತ್ತಿಗೆ ಸರಿಯಾಗಿ, ಯಾರೂ ಕರೆಯದಿದ್ದರೂ ಬಂದು ಊಟಕ್ಕೆ ಕೂತರು. ಸಿದ್ದವ್ವ ರೊಟ್ಟಿ ಬಡಿಸಿ ಒಳಗೆ ಹೋದಳು.