ಮಲಗಿಸೋ ಆಟ

ಶಿಶುಶಿಕ್ಷಣದಲ್ಲಿ ಡಾಕ್ಟರೇಟ್ ಮಾಡಹೊರಟವರಿಗೆ ಮೊದಲು ಕಲಿಸುವ ವಿದ್ಯೆಯೆಂದರೆ ಮಕ್ಕಳ ನಡುವೆ ಮೇಜು ಕುರ್ಚಿಯ ಹಾಗೆ ಇರುವುದು. ಮಗು ನಕ್ಕರೆ ನಗಬಾರದು, ಕರೆದರೆ ಓಗೊಡಬಾರದು, ಬಿದ್ದರೆ ಎತ್ತಬಾರದು. ಎತ್ತುವುದಕ್ಕೆ ಆಯಾ ಇದ್ದಾಳೆ. ನೋಡುವವಳು ಕೈಹಾಕಿದಳೋ ಆಟ ಕೆಟ್ಟಿತು, ಅಂಕಿಅಂಶ ಕೆಟ್ಟಿತು, ಪದವಿಯೂ ಕೆಟ್ಟಿತು.

ನಮ್ಮ ಸಂಶೋಧಕಿ ಇದರಲ್ಲಿ ಚೆನ್ನಾಗಿ ಪಳಗಿದ್ದಳು. ಶಿಶುವಿಹಾರದ ಮಕ್ಕಳು ಅವಳ ಕುರ್ಚಿಯ ಬೆನ್ನಿಗೆ ಸ್ವೆಟರ್ ನೇತುಹಾಕಿ ಹೋಗುತ್ತಿದ್ದರು. ಒಂದು ದಿನ ಅವಳ ಭುಜಕ್ಕೇ ಹಾಕಿ ಹೋದರು. ಪ್ರಶಸ್ತಿ ಬಂದವಳಂತೆ ಇದನ್ನು ಮನೆಯಲ್ಲಿ ಹೇಳಿಕೊಂಡಾಗ ಅಕ್ಕ ತರಕಾರಿ ಹೆಚ್ಚುತ್ತಲೇ ಕೇಳಿದಳು: "ಅಲ್ವೇ, ಮಕ್ಕಳು ಆಡೋದನ್ನ ನೋಡೋಕೆ ಇಷ್ಟು ವರ್ಷ ಓದ್ಬೇಕಾ? ನಮ್ಮನೇಲೂ ಎರಡು ಕಪಿಗಳಿವೆ, ಕೂತ್ಕೊಂಡು ನೋಡು. ನಿಂಗಾದ್ರೆ ಬಿಟ್ಟಿ."

"ನಿನ್ನ ಕಪಿಗಳು ನನ್ನ ಕಂಡ್ರೆ ಮೈಮೇಲೆ ಬೀಳ್ತವೆ ಕಣೇ. ಅದು ಡೇಟಾ ಆಗಲ್ಲ."

"ಹೌದಮ್ಮ, ಪ್ರೀತಿ ಹೇಗೆ ಡೇಟಾ ಆಗುತ್ತೆ!"

ಅಕ್ಕನ ಜೊತೆ ವಾದಕ್ಕೆ ಕೂರಲು ಅವಳಿಗೆ ಪುರುಸೊತ್ತಿರಲಿಲ್ಲ. ವಿಶ್ವವಿದ್ಯಾಲಯ ಕೊನೆಯ ಬಾರಿಗೆಂದು ಅವಧಿ ವಿಸ್ತರಿಸಿತ್ತು. ಈ ವರ್ಷ ಪ್ರಬಂಧ ಒಪ್ಪಿಸದಿದ್ದರೆ ನೋಂದಣಿಯೇ ರದ್ದು. ಅವಳಿಗೆ ಬಾಗಿಲು ತೆರೆದಿದ್ದ ಶಿಶುವಿಹಾರವೂ ಇದೊಂದೇ, ಉಳಿದವರೆಲ್ಲ, "ನಮ್ಮನ್ನ ನೋಡೋಕೆ ಬರ್ತೀರೋ ಮಕ್ಕಳನ್ನೋ?" ಎಂದು ನಕ್ಕು ಸಾಗಹಾಕಿದ್ದರು.

ಈ ಶಿಶುವಿಹಾರ ಹೆಸರುವಾಸಿಯಾಗಿದ್ದು ಅದರ ಮಧ್ಯಾಹ್ನಕ್ಕೆ. ಊಟವಾದ ಮೇಲೆ ಮಕ್ಕಳು ಸಾಲಾಗಿ ಒಳಕೋಣೆಗೆ ಹೋಗುತ್ತಿದ್ದರು, ಬಾಗಿಲು ಮುಚ್ಚುತ್ತಿತ್ತು, ಒಳಗೆ ಸ್ಪೀಕರಿನಲ್ಲಿ ಲಾಲಿಹಾಡು ಶುರುವಾಗುತ್ತಿತ್ತು. ಲಾಲಿಗೆ ಅಷ್ಟು ದನಿ ಬೇಕಿರಲಿಲ್ಲ, ಮದುವೆಮನೆಗೆ ಸಾಲುವಷ್ಟಿತ್ತು. ಆದರೆ ಅಳುವ ಮಗುವೊಂದೂ ಇಲ್ಲದ ಶಿಶುವಿಹಾರ ಬೇರೆಲ್ಲಿದೆ ಎಂದು ತಂದೆತಾಯಂದಿರು ಸೀಟಿಗಾಗಿ ಕಾಯುತ್ತಿದ್ದರು. ಒಪ್ಪಂದದ ಪ್ರಕಾರ ಸಂಶೋಧಕಿ ಆಟ ನೋಡಬಹುದು, ನಿದ್ದೆ ನೋಡುವಂತಿಲ್ಲ. ಅಷ್ಟು ಹೊತ್ತೂ ಅವಳು ಮುಚ್ಚಿದ ಬಾಗಿಲಿಗೆ ಬೆನ್ನು ಮಾಡಿ ಕೂತು, ಬೆಳಗಿನ ಆಟಗಳಿಗೆ ಗುರುತು ಹಾಕುತ್ತಿದ್ದಳು.

ಆಟಗಳಲ್ಲೆಲ್ಲ ಅವಳಿಗೆ ಪ್ರಿಯವಾಗಿದ್ದುದು ಮಲಗಿಸೋ ಆಟ. ಗುಬ್ಬಿ ಎಂದು ಎಲ್ಲರೂ ಕರೆಯುತ್ತಿದ್ದ ಪುಟ್ಟ ಹುಡುಗ ಚಾಪೆಯ ಮೇಲೆ ಉದ್ದಕ್ಕೆ ಮಲಗುತ್ತಿದ್ದ. ಇನ್ನೊಂದು ಮಗು ಹೊದಿಕೆಯನ್ನು ಅವನ ತಲೆಯ ಮೇಲಕ್ಕೆಳೆದು, ಅಂಚನ್ನು ಸುತ್ತಲೂ ಚಾಪೆಯಡಿ ಸಿಕ್ಕಿಸಿ, ಮುಖವಿರಬೇಕಾದ ಜಾಗಕ್ಕೆ ಅಂಗೈ ಒತ್ತುತ್ತಿತ್ತು. "ಉಸಿರು ಕೇಳಿಸ್ಬಾರ್ದು," ಎಂದು ಅದು ದೊಡ್ಡವರ ದನಿಯಲ್ಲಿ ಗದರುತ್ತಿತ್ತು. ಯಾರೂ ನಗುತ್ತಿರಲಿಲ್ಲ. 'ಸಹಕಾರಿ ನಟನೆ, ಉನ್ನತ ಮಟ್ಟ' ಎಂದು ಸಂಶೋಧಕಿ ಗುರುತು ಹಾಕುತ್ತಿದ್ದಳು. ನಗದಿರುವುದು ಏಕಾಗ್ರತೆಯ ಲಕ್ಷಣವೆಂದು ಅವಳ ಕೋಷ್ಟಕ ಹೇಳುತ್ತಿತ್ತು.

ಒಂದು ಬೆಳಿಗ್ಗೆ ಆಟಕ್ಕೆ ಹೊಸ ಪಾತ್ರ ಸೇರಿತು. ಎರಡು ಜಡೆಯ ಹುಡುಗಿಯೊಬ್ಬಳು ಪುಟ್ಟ ಕುರ್ಚಿ ಎಳೆದುಕೊಂಡು, ಚಾಪೆಗೆ ಬೆನ್ನು ತಿರುಗಿಸಿ ಕೂತು, ಬಳಪದಿಂದ ಮೊಣಕಾಲ ಮೇಲೆ ಗೀಚತೊಡಗಿದಳು. ಹೊದಿಕೆಯೊಳಗಿಂದ ಗುಬ್ಬಿ ಕೂಗಿದ: "ಬರಿಯೋ ಆಂಟೀ! ಬರಿಯೋ ಆಂಟೀ!" ಎರಡು ಜಡೆ ತಿರುಗಲಿಲ್ಲ. ಕತ್ತು ಓರೆ ಮಾಡಿಕೊಂಡು ಗೀಚುತ್ತಲೇ ಇದ್ದಳು. ಕತ್ತಿನ ಆ ಓರೆ ತನ್ನದೇ ಎಂದು ಸಂಶೋಧಕಿಗೆ ಗುರುತು ಸಿಕ್ಕಿತು.

ಅವಳ ಮಾರ್ಗದರ್ಶಕರನ್ನು ವಿದ್ಯಾರ್ಥಿಗಳು ಬೆನ್ನ ಹಿಂದೆ ಅಡಿಟಿಪ್ಪಣಿ ಎನ್ನುತ್ತಿದ್ದರು. ಮುಖ್ಯವಾದುದನ್ನೆಲ್ಲ ಕೊನೆಗೆ, ಸಣ್ಣ ದನಿಯಲ್ಲಿ ಹೇಳುವುದು ಅವರ ಪದ್ಧತಿ. ಅಂದು ಮಾತ್ರ, ಎರಡು ಜಡೆಯ ವಿಷಯ ಕೇಳಿದಾಗ, ದನಿ ಏರಿತು.

"ನೋಡುವವಳೇ ಆಟದೊಳಗೆ ಬಂದಿದ್ದಾಳೆ! ಯಾರಿಗೂ ಸಿಕ್ಕಿಲ್ಲಮ್ಮ ಇದು. ಇದಕ್ಕೇ ಒಂದು ಅಧ್ಯಾಯ ಬರೀರಿ, ಪದವಿ ಕೈಗೆ ಬಂದ ಹಾಗೇ."

"ಸರ್, ಆದ್ರೆ ಆ ಹುಡುಗ ಯಾಕೆ ಕರೀತಾನೆ?"

"'ಯಾಕೆ' ಅನ್ನೋದು ನಿಮ್ಮ ಸಂಶೋಧನಾ ಪ್ರಶ್ನೆ ಅಲ್ಲ. 'ಎಷ್ಟು ಸಲ' ಅನ್ನೋದು ನಿಮ್ಮ ಪ್ರಶ್ನೆ." ಆಮೇಲೆ ಸಣ್ಣ ದನಿಯಲ್ಲಿ, "ಈಗ ಏನನ್ನೂ ಕೆಡಿಸಿಕೊಳ್ಳಬೇಡಿ," ಎಂದರು.

ಮಾರನೆಯ ಬೆಳಿಗ್ಗೆ ಅವಳು ಕೆಡಿಸಿಕೊಂಡಳು. ಆಟ ಮುಗಿಸಿ ಕೈತೊಳೆಯಲು ಹೊರಟಿದ್ದ ಎರಡು ಜಡೆಯ ಪಕ್ಕ ಬಗ್ಗಿ, "ಬರಿಯೋ ಆಂಟಿ ಯಾಕೆ ತಿರುಗಿ ನೋಡಲ್ಲ?" ಎಂದು ಕೇಳಿದಳು.

ಕುರ್ಚಿಯೇ ಬಾಯಿಬಿಟ್ಟಂತೆ ಹುಡುಗಿ ಬೆಚ್ಚಿದಳು. "ಹಾಡು ಜೋರಾಗಿರುತ್ತಲ್ಲ."

"ಒಳಗಿಂದ ನಿಜವಾಗ್ಲೂ ಕರೀತೀರಾ?"

"ಮೊದ್ಲು ಕರೀತಿದ್ವಿ. ಈಗ ಆಟದಲ್ಲಿ ಮಾತ್ರ ಕರಿಯೋದು." ಅಷ್ಟು ಹೇಳಿ ಹುಡುಗಿ ನಲ್ಲಿಯ ಕಡೆ ಓಡಿದಳು.

ಆ ಮಧ್ಯಾಹ್ನ ಎಂದಿನಂತೆ ಬಾಗಿಲು ಮುಚ್ಚಿತು, ಲಾಲಿ ಶುರುವಾಯಿತು. ಸಂಶೋಧಕಿ ಎಂದಿನಂತೆ ಬೆನ್ನು ಮಾಡಿ ಕೂತಳು. ಪುಟ್ಟ ಮಕ್ಕಳ ಹೇಳಿಕೆಯನ್ನು ಸಾಕ್ಷ್ಯವಾಗಿ ಸ್ವೀಕರಿಸುವಾಗ ಎಚ್ಚರವಿರಬೇಕೆಂದು ಎರಡನೆಯ ಅಧ್ಯಾಯದಲ್ಲಿ ಅವಳೇ ಬರೆದಿದ್ದಳು, ಅದಕ್ಕೆ ಆಧಾರಗಳನ್ನೂ ಕೊಟ್ಟಿದ್ದಳು. ಅವೆಲ್ಲ ಒಂದೊಂದಾಗಿ ನೆನಪಾದವು. ಅಧ್ಯಾಯವೊಂದು ತಾನಾಗಿ ಮಡಿಲಿಗೆ ಬಿದ್ದಿದೆ. ಸುಮ್ಮನೆ ಕೂತಿದ್ದರೆ ಸಾಕು. ಬಾಗಿಲಿಗೆ ಕಿವಿಯಿಟ್ಟಳು. ಹಾಡು ಬಿಟ್ಟು ಬೇರೇನೂ ಇರಲಿಲ್ಲ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆಯೂ, ಇಷ್ಟು ಮಕ್ಕಳಿರುವ ಕೋಣೆಯಲ್ಲಿ ಒಂದು ಕೆಮ್ಮು, ಒಂದು ಸೀನು ಕೂಡ ಇರಲಿಲ್ಲ.

ಅವಳು ಬಾಗಿಲು ತಳ್ಳಿದಳು.

ಕಿಟಕಿಗಳಿಗೆ ದಪ್ಪ ಪರದೆ. ನೆಲದ ಮೇಲೆ ಸಾಲು ಸಾಲು ಬಿಳಿ ಉಬ್ಬುಗಳು. ಒಂದಕ್ಕೂ ತಲೆಯಿಲ್ಲ. ಎಲ್ಲ ಹೊದಿಕೆಗಳೂ ನೆತ್ತಿಯ ಮೇಲಿಂದ ಇಳಿದು ಚಾಪೆಯಡಿ ಸೇರಿದ್ದವು. ನಡುವೆ ಆಯಾ ಚಕ್ಕಳಮಕ್ಕಳ ಕೂತು, ಅಕ್ಕಪಕ್ಕದ ಎರಡು ಉಬ್ಬುಗಳ ಮೇಲೆ ಒಂದೊಂದು ಅಂಗೈ ಊರಿದ್ದಳು. ಹಿಟ್ಟು ನಾದಿ ದಣಿವಾರಿಸಿಕೊಳ್ಳುವವಳ ನೆಮ್ಮದಿಯಿತ್ತು ಆ ಮುಖದಲ್ಲಿ.

"ಏನ್ ಮೇಡಂ, ನೀವು ಒಳಗೆ ಬರೋ ಹಾಗಿಲ್ವಲ್ಲ?"

"ಕೈ ತೆಗೀರಿ."

"ತೆಗೆದ್ರೆ ಏಳ್ತಾವೆ. ಹೊಸಬರಿಗೇ ಹೀಗೆ ಮಾಡೋದು. ಹಳಬರು ತಾವೇ ಅಲ್ಲಾಡಲ್ಲ, ನೋಡಿ ಬೇಕಾದ್ರೆ. ಹೆಡ್ ಮಿಸ್ ಹೇಳಿಕೊಟ್ಟಿದ್ದು."

ಸಂಶೋಧಕಿ ಹತ್ತಿರದ ಹೊದಿಕೆಯನ್ನು ಕಿತ್ತೆಳೆದಳು. ಗುಬ್ಬಿ. ಕೂದಲೆಲ್ಲ ಬೆವರಿಗೆ ಹಣೆಗಂಟಿತ್ತು, ತುಟಿ ಕಪ್ಪಿಟ್ಟಿತ್ತು, ಕಣ್ಣು ಪೂರ್ತಿ ತೆರೆದಿತ್ತು. ಉಸಿರನ್ನು ಅವನು ಕದ್ದಂತೆ ಚೂರುಚೂರಾಗಿ ಎಳೆದುಕೊಂಡ. ಅಳಲಿಲ್ಲ. ಉಳಿದ ಉಬ್ಬುಗಳು ಮಿಸುಕಲಿಲ್ಲ. ಅವುಗಳಲ್ಲೊಂದರ ಒಳಗಿಂದ ಎರಡು ಜಡೆಯ ದನಿ ಬಂತು: "ಆಂಟಿ, ಬಾಗಿಲು ಹಾಕ್ಕೊಂಡು ಹೋಗಿ. ಇಲ್ಲಾಂದ್ರೆ ನಾಳೆ ಜಾಸ್ತಿ ಹೊತ್ತು."

ಸಂಶೋಧಕಿ ಸ್ಪೀಕರಿನ ತಂತಿ ಕಿತ್ತು ಹಾಡು ನಿಲ್ಲಿಸಿದಳು. ಒಂದೊಂದೇ ಹೊದಿಕೆ ಎಳೆದು ಗೋಡೆಯ ಕಡೆ ಎಸೆದಳು.

ಸದ್ದಡಗಿದ್ದಕ್ಕೆ ಹೆಡ್ ಮಿಸ್ ಬಂದರು. ಸಿಟ್ಟಿರಲಿಲ್ಲ, ಮುಗುಳ್ನಗೆಯಿತ್ತು. "ಪಾಪ, ಒತ್ತಡ ಜಾಸ್ತಿಯಾಗಿರ್ಬೇಕು ನಿಮಗೆ. ಹೊರಗೆ ಕೂತು ನೀರು ಕುಡೀರಿ, ನಾವಿಬ್ರೂ ಇದನ್ನ ಮರೆತುಬಿಡೋಣ. ಇನ್ನೇನು ಮುಗೀತಾ ಬಂತಲ್ಲ ನಿಮ್ಮದು? ಇಲ್ಲ, ನಿಮ್ಮ ಸರ್‌ಗೆ ಫೋನ್ ಮಾಡ್ಬೇಕಾ?"

"ಮಾಡಿ," ಎಂದು ಅವಳು ಗುಬ್ಬಿಯನ್ನು ಎತ್ತಿಕೊಂಡು ಹೊಸ್ತಿಲ ಮೇಲೆ ಕೂತಳು.

ಫೋನಿನಲ್ಲಿ ಅಡಿಟಿಪ್ಪಣಿ ಬಹಳ ಹೊತ್ತು ಮಾತಾಡಿದರು. ಪೊಲೀಸ್, ದೂರು ಎಂಬುದೆಲ್ಲ ಅವಳ ಬಾಯಿಂದ ಬಂದಾಗ ಅದನ್ನು ಬದಿಗೆ ತಳ್ಳಿದರು. ಕೊನೆಗೆ ಸಣ್ಣ ದನಿಯಲ್ಲಿ, "ನೀವು ಕೈಹಾಕಿದ್ರಿ. ಇಷ್ಟು ದಿನದ ಡೇಟಾ ಇನ್ನು ಬಳಸೋಕೆ ಬರಲ್ಲ. ನಿಮ್ಮ ನೋಂದಣಿ ಮುಗೀತು ಅಂತಲೇ ತಿಳ್ಕೊಳ್ಳಿ," ಎಂದರು.

ಸಂಜೆ ಮೊದಲು ಬಂದವಳು ಗುಬ್ಬಿಯ ತಾಯಿ, ಆಫೀಸಿನ ಗುರುತುಚೀಟಿ ಕೊರಳಲ್ಲೇ ಇತ್ತು. ಸಂಶೋಧಕಿ ನಡೆದುದನ್ನು ನಡೆದ ಹಾಗೆ ಹೇಳಿದಳು. ತಾಯಿ ಮಗನನ್ನು ನೋಡಿದಳು, ಹೆಡ್ ಮಿಸ್‌ರ ಮುಗುಳ್ನಗೆ ನೋಡಿದಳು, ಕೆದರಿದ ತಲೆಯ ಈ ಹೆಂಗಸನ್ನು ನೋಡಿದಳು.

"ಛೆ, ಇಲ್ರೀ. ಎಷ್ಟು ಚೆನ್ನಾಗಿ ಮಲಗ್ತಾನೆ ಇಲ್ಲಿ. ಮನೇಲೇ ರಗಳೆ, ದೀಪ ಆರಿಸೋಕೆ ಬಿಡಲ್ಲ, ಹೊದಿಕೆ ಕಂಡ್ರೆ..." ಎನ್ನುತ್ತಿದ್ದವಳು ತಟ್ಟನೆ ಮಗನನ್ನು ಎತ್ತಿಕೊಂಡಳು.

ಗೇಟಿನಲ್ಲಿ ಬೇರೆ ಅಪ್ಪ ಅಮ್ಮಂದಿರೂ ಸೇರಿದ್ದರು. ಹೆಡ್ ಮಿಸ್ ಮೆಲ್ಲಗೆ ಚಪ್ಪಾಳೆ ತಟ್ಟಿದರು. "ಮಕ್ಕಳೇ, ಹೇಳಿ ನೋಡೋಣ. ಇವತ್ತು ಎಲ್ಲರೂ ಚೆನ್ನಾಗಿ ಮಲಗಿದ್ರಾ?"

"ಮಲಗಿದ್ವಿ ಮಿಸ್," ಎಂದರು ಮಕ್ಕಳು, ಒಕ್ಕೊರಲಿನಿಂದ. ಅಮ್ಮನ ಹೆಗಲ ಮೇಲಿಂದ ಗುಬ್ಬಿಯೂ ಹೇಳಿದ, ಸಂಶೋಧಕಿಯನ್ನೇ ನೋಡುತ್ತ.