ಅಬುಂದಿಯೋ ಎಂಬ ಹೆಸರು

ನನ್ನ ಗಂಡನ ಹೆಸರು ಅಬುಂದಿಯೋ. ನಗುವವರು ಈಗಲೇ ನಕ್ಕುಬಿಡಿ, ಆಮೇಲೆ ಮುಂದಿನದು ಹೇಳುತ್ತೇನೆ. ನಮ್ಮ ಸ್ಪೇನಿನಲ್ಲಿ ಈ ಹೆಸರು ಕೇಳದವರಿಲ್ಲ, ಆದರೆ ಈ ಹೆಸರಿನ ಮನುಷ್ಯನನ್ನು ಕಣ್ಣಾರೆ ಕಂಡವರು ಬಹಳ ಕಡಿಮೆ. ಯಾರಾದರೂ ಪೆದ್ದು ಕೆಲಸ ಮಾಡಿದರೆ ಸಾಕು, ಅವನು ಅಬುಂದಿಯೋಗಿಂತ ದಡ್ಡ ಅನ್ನುತ್ತಾರೆ. ಆ ಮೊದಲನೆಯ ಅಬುಂದಿಯೋ ಯಾರು, ಅವನು ಮಾಡಿದ ದಡ್ಡತನ ಯಾವುದು ಎಂದು ಕೇಳಿ ನೋಡಿ. ಒಬ್ಬ ಅವನನ್ನು ಹಡಗಿನವನು ಅನ್ನುತ್ತಾನೆ, ಇನ್ನೊಬ್ಬ ತೋಟದವನು ಅನ್ನುತ್ತಾನೆ, ಮತ್ತೊಬ್ಬ ಅಂಥವನು ಹುಟ್ಟೇ ಇರಲಿಲ್ಲ ಅನ್ನುತ್ತಾನೆ. ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲ ಅಂತ ಬಾಯಿ ಮುಚ್ಚಿಕೊಂಡಿರುವ ಜನವೂ ನಮ್ಮವರಲ್ಲ.

ನಾನು ವಿಸಿತಾಸಿಯೋನ್. ಊರಿಗೆಲ್ಲ ವಿಸಿ. ದುಯೆರೋ ಹೊಳೆಯ ದಂಡೆಯಲ್ಲಿ ನಮ್ಮ ದ್ರಾಕ್ಷಿ ತೋಟ, ಗುಡ್ಡದ ಮಗ್ಗುಲು ಕೊರೆದು ಮಾಡಿದ ನೆಲಮಾಳಿಗೆಯಲ್ಲಿ ನಮ್ಮ ವೈನಿನ ಪೀಪಾಯಿಗಳು. ನನ್ನ ಮದುವೆ ಗೊತ್ತಾದಾಗ ನನ್ನಮ್ಮ ತಲೆ ಮೇಲೆ ಕೈ ಹೊತ್ತು ಕೂತಿದ್ದಳು. "ಹುಡುಗ ಬಂಗಾರದಂಥವನು ಕಣೇ. ಆದ್ರೆ ನಾಲ್ಕು ಜನರ ಮುಂದೆ ಕರೆಯೋದು ಹೇಗೆ?" ಅಂದಳು. "ಬಾಯಿ ತುಂಬಾ ಕರೀತೀನಿ" ಅಂದೆ. ಅವತ್ತಿನಿಂದ ಇವತ್ತಿನವರೆಗೂ ಹಾಗೇ ಕರೆದಿದ್ದೇನೆ, ಸಂತೆಬೀದಿಯ ಈ ತುದಿಯಿಂದ ಆ ತುದಿಗೆ ಕೇಳುವ ಹಾಗೆ.

ಅವನಿಗೆ ಆ ಹೆಸರು ಬಂದದ್ದರಲ್ಲಿ ವಿಶೇಷವೇನೂ ಇಲ್ಲ. ಆಗೆಲ್ಲ ನಮ್ಮ ಕಡೆ ಮಗು ಹುಟ್ಟಿದರೆ ಹೆಸರಿಗೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನ ಯಾವ ಸಂತನ ಹೆಸರಿದೆಯೋ ಅದನ್ನು ಇಟ್ಟುಬಿಡುವುದು. ಇವನು ಹುಟ್ಟಿದ ಜುಲೈ ದಿನ ಇಬ್ಬರು ಸಂತರಿದ್ದರಂತೆ, ಪೀಯೋ ಮತ್ತು ಅಬುಂದಿಯೋ. ಪೀಯೋ ಎಂಬ ಚಿಕ್ಕಪ್ಪ ಮನೆತನದಲ್ಲಿ ಆಗಲೇ ಇದ್ದ, ತೋಟದ ಬೇಲಿಯ ಜಗಳದಲ್ಲಿ ಅವನಿಗೂ ಇವನ ಅಪ್ಪನಿಗೂ ಮಾತಿರಲಿಲ್ಲ. ಹಾಗಾಗಿ ಕೂಸು ಅಬುಂದಿಯೋ ಆಯಿತು. ಒಂದು ಬೇಲಿಯ ದೆಸೆಯಿಂದ ಒಬ್ಬ ಮನುಷ್ಯ ಇಡೀ ಆಯುಷ್ಯ ಜನರ ಬಾಯಿಗೆ ಬೀಳುವುದೆಂದರೆ ನನಗೆ ಈಗಲೂ ಮೈ ಉರಿಯುತ್ತದೆ.

ನಮ್ಮ ಕಡೆ ಮೊದಲ ಗಂಡು ಮೊಮ್ಮಗನಿಗೆ ಅಪ್ಪನ ಅಪ್ಪನ ಹೆಸರು. ಚರ್ಚಿನಲ್ಲಿ ನೀರೆರೆದು ಹೆಸರಿಡುವ ದೀಕ್ಷಾಸ್ನಾನದ ದಿನ ಆ ಅಜ್ಜನೇ ಧರ್ಮಪಿತ. ಮಗುವನ್ನು ಎತ್ತಿಕೊಂಡು, ಪಾದ್ರಿ ಕೇಳಿದಾಗ ಹೆಸರನ್ನು ಎಲ್ಲರಿಗೂ ಕೇಳುವಂತೆ ಹೇಳಬೇಕಾದವನು ಅವನೇ. ನಮ್ಮ ಮಗ ರುಬೆನ್ ವಯ್ಯಾದೊಲಿದ್ ಪಟ್ಟಣದಲ್ಲಿ ಬಸ್ ಓಡಿಸುತ್ತಾನೆ, ಸೊಸೆ ಲೆಯ್ರೆ ಬಿಲ್ಬಾವೊ ಕಡೆಯವಳು. ಅವರಿಗೆ ಗಂಡು ಮಗುವಾದಾಗ ಹೆಸರು ಏನೆಂದು ಯಾರೂ ಬಾಯಿಬಿಡಲಿಲ್ಲ. ಎಲ್ಲರೂ ಪುಟ್ಟ ಪುಟ್ಟ ಅಂತಲೇ ಎತ್ತಿ ಆಡಿಸುತ್ತಿದ್ದೆವು.

ಅದು ಹೊರಬಿದ್ದದ್ದು ಒಂದು ಭಾನುವಾರದ ಊಟದಲ್ಲಿ. ದ್ರಾಕ್ಷಿ ಬಳ್ಳಿಯ ಒಣಕಡ್ಡಿ ಉರಿಸಿ, ಆ ಕೆಂಡದ ಮೇಲೆ ಕುರಿಮರಿಯ ಪಕ್ಕೆಲುಬು ಸುಟ್ಟಿದ್ದೆ. ರುಬೆನ್ ಲೋಟ ಕೆಳಗಿಟ್ಟು, "ಅಪ್ಪಾ, ಹೆಸರು ಆಗಲೇ ಸರ್ಕಾರದಲ್ಲಿ ಬರೆಸಿಬಿಟ್ವಿ. ಅಬುಂದಿಯೋ" ಅಂದ.

ನನಗೆ ಕುಣಿಯುವಷ್ಟು ಖುಷಿಯಾಯಿತು. ಗಂಡನ ಮುಖ ನೋಡಿದೆ, ಖುಷಿಯೆಲ್ಲ ಇಳಿದುಹೋಯಿತು.

"ತೆಗೆಸು" ಅಂದ ಅವನು.

"ಅಪ್ಪಾ, ನೋಡು, ದೇಶದಲ್ಲೆಲ್ಲ ಸೇರಿ ಈ ಹೆಸರಿನವರು ಕೆಲವು ನೂರು ಜನ ಇದ್ದರೆ ಹೆಚ್ಚು. ಎಲ್ಲಾ ಮುದುಕರೇ. ಆಸ್ಪತ್ರೇಲಿ ಅಕ್ಕಪಕ್ಕದ ತೊಟ್ಟಿಲಲ್ಲೆಲ್ಲ ಬರೀ ಊಗೋ, ಮಾತೆಯೋ ಅನ್ನೋ ಹೊಸ ಹೆಸರುಗಳೇ. ನಮ್ಮ ಹೆಸರು ಉಳೀಲಿ ಅಂತ..."

"ಉಳಿದು ಯಾರಿಗೇನಾಗಬೇಕು? ನನ್ನ ಜೊತೆಗೇ ಹೋಗ್ಲಿ ಅದು." ಅವನು ಎದ್ದು ನಿಂತ. "ನಿನ್ನ ಶಾಲೆ ವಾರ್ಷಿಕೋತ್ಸವಕ್ಕೆ ಬಂದಿದ್ದೆನಲ್ಲೋ, ನೆನಪಿದೆಯಾ? ನಿನ್ನ ಮೇಷ್ಟ್ರು ಕೈಕುಲುಕಿ, ಬನ್ನಿ ಅಂತೋನಿಯೋ ಅವರೇ ಅಂದ್ರು. ನಿಮ್ಮಪ್ಪನ ಹೆಸರೇನು ಅಂತ ಕೇಳಿದ್ದಕ್ಕೆ ನೀನು ಹಾಗೆ ಹೇಳಿದ್ದೆ. ಅವತ್ತು ಸಂಜೆವರೆಗೂ ನಾನು ಅಂತೋನಿಯೋ ಆಗೇ ಇದ್ದೆ. ನಿನ್ನ ಮರ್ಯಾದೆ ಉಳೀಲಿ ಅಂತ ಇದ್ದೆ. ಈಗ ನಿನ್ನ ಮನಸ್ಸು ಹಗುರ ಮಾಡ್ಕೊಳ್ಳೋಕೆ ಈ ಹಸುಗೂಸಿನ ತಲೆ ಮೇಲೆ ಹೊರಿಸ್ತೀಯಾ? ಮಾಡು. ಆದ್ರೆ ಆ ಹೆಸರನ್ನ ನನ್ನ ಬಾಯಿಂದ ಹೇಳಿಸಬೇಡ. ನಾನು ಚರ್ಚಿಗೆ ಬರಲ್ಲ."

ಹಾಗೆಂದು ನೆಲಮಾಳಿಗೆಗೆ ಹೊರಟುಹೋದ. ರುಬೆನ್ ಕಣ್ಣೊರೆಸಿಕೊಂಡ. ಮೂವತ್ತು ದಾಟಿದ ಗಂಡಸು, ತಟ್ಟೆಯ ಮುಂದೆ ಕೂತು ಅತ್ತುಬಿಟ್ಟ. ಆ ಅಂತೋನಿಯೋ ಸಂಗತಿ ಅಪ್ಪನಿಗೆ ಗೊತ್ತಿದೆ ಎಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಅವತ್ತು ಶಾಲೆಗೆ ನಾನು ಹೋಗಿರಲಿಲ್ಲ, ಬಂದು ನನಗೂ ಹೇಳಿರಲಿಲ್ಲ ಆ ಮನುಷ್ಯ.

ನಾನು ಸುಮ್ಮನಿರುವವಳಲ್ಲ. ಮರುದಿನವೇ ಪಾದ್ರಿಯ ಹತ್ತಿರ ಹೋದೆ. ಫಾದರ್ ವಿಲ್ಮರ್ ಪೆರು ದೇಶದ ಬೆಟ್ಟದೂರಿನಿಂದ ಬಂದವರು. ಇಲ್ಲಿಯ ಏಳೆಂಟು ಹಳ್ಳಿಗಳಿಗೆ ಅವರೊಬ್ಬರೇ ಪಾದ್ರಿ, ಹಳೆಯ ಕಾರೊಂದರಲ್ಲಿ ಓಡಾಡುತ್ತಾರೆ. ಹೆಸರು ಹೇಳಿದೆ. ನಗುತ್ತಾರೇನೋ ಎಂದು ಮುಖವನ್ನೇ ನೋಡುತ್ತಿದ್ದೆ. ಅವರು, "ಓಹೋ, ನಮ್ಮಜ್ಜಿಯ ಅಣ್ಣನ ಹೆಸರು! ಒಳ್ಳೇ ಗಂಭೀರ ಹೆಸರು ತಾಯಿ" ಅಂದರು. ಅದು ಲ್ಯಾಟಿನ್ ಮಾತು, ಅಳತೆ ಮೀರಿ ತುಂಬಿ ಹರಿಯುವುದು ಅಂತ ಅರ್ಥ ಎಂದು ಬಿಡಿಸಿ ಹೇಳಿದರು. ಸಾವಿರ ವರ್ಷಕ್ಕೂ ಹಿಂದೆ ಕೊರ್ದೊಬದ ಬಳಿ ಆ ಹೆಸರಿನ ಒಬ್ಬ ಹಳ್ಳಿ ಪಾದ್ರಿ ಇದ್ದನಂತೆ. ನ್ಯಾಯಾಧೀಶನ ಮುಂದೆ ತನ್ನ ನಂಬಿಕೆಯನ್ನು ಒಂದಕ್ಷರ ಬಿಡದೆ ಹೇಳಿ ತಲೆ ಕೊಟ್ಟನಂತೆ. ದಡ್ಡನಂತೆ ದಡ್ಡ!

ರೊಟ್ಟಿ, ಚೀಸು ಬುಟ್ಟಿಯಲ್ಲಿಟ್ಟುಕೊಂಡು ನೇರ ನೆಲಮಾಳಿಗೆಗೆ ನಡೆದೆ. ಪೀಪಾಯಿ ಉಜ್ಜುತ್ತಿದ್ದ ಗಂಡನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು ಎಲ್ಲವನ್ನೂ ಒದರಿದೆ. ಅರ್ಥ, ಸಂತ, ಕೊರ್ದೊಬ, ಫಾದರ್ ಅವರ ಅಜ್ಜಿಯ ಅಣ್ಣ, ಒಂದನ್ನೂ ಬಿಡಲಿಲ್ಲ.

"ಮುಗೀತಾ?" ಅಂದ.

"ಇಲ್ಲ. ಏ ಮುದುಕ, ಸಂತನ ಹೆಸರಿಟ್ಕೊಂಡು ಕಳ್ಳನ ಹಾಗೆ ಬದುಕ್ತೀಯಲ್ಲ, ನಾಚಿಕೆ ಆಗಲ್ವಾ?"

"ಆ ಸಂತನ ತಲೆ ಒಂದೇ ಸಲ ಹೋಯ್ತು ವಿಸಿ. ನಂದು ದಿನಾ ಹೋಗ್ತಿತ್ತು" ಅಂದು ಮತ್ತೆ ಪೀಪಾಯಿ ಉಜ್ಜತೊಡಗಿದ. ನಾನು ರೊಟ್ಟಿಯ ಬುಟ್ಟಿಯನ್ನು ಅವನ ಪಕ್ಕದಲ್ಲಿಟ್ಟೆ.

ಆ ವಾರ ನಮ್ಮ ಮನೆಯಲ್ಲೇ ಉಳಿದಿದ್ದ ಲೆಯ್ರೆ ಆಗ ಮಗುವನ್ನು ಎತ್ತಿಕೊಂಡು ಕತ್ತಲೆಯ ಮೆಟ್ಟಿಲಿಳಿದು ಬಂದಳು. ಈ ಹುಡುಗಿಯ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು. ಅವಳು ಮೊದಲ ಸಲ ನಮ್ಮ ಮನೆಗೆ ಬಂದಾಗ ರುಬೆನ್ "ಇದು ನಮ್ಮಪ್ಪ" ಅಂದಿದ್ದ, ಅಷ್ಟೇ. ಹೆಸರು ಹೇಳಿರಲಿಲ್ಲ. ಊಟಕ್ಕೆ ಕೂತಾಗ ಅವಳ ಕೈ ತಾಗಿ ಕೆಂಪು ವೈನಿನ ಜಗ್ಗು ನನ್ನ ಹಬ್ಬದ ಬಿಳಿ ಮೇಜುಬಟ್ಟೆಯ ಮೇಲೆ ಉರುಳಿತು. ಅವಳು ಹಣೆ ಚಚ್ಚಿಕೊಂಡು, "ಅಯ್ಯೋ, ನಾನು ಅಬುಂದಿಯೋಗಿಂತ ದಡ್ಡಿ!" ಅಂದಳು. ರುಬೆನ್ ಕೆಂಪಗಾದ. ನನ್ನ ಗಂಡ ನಿಧಾನವಾಗಿ ಅವಳ ತಟ್ಟೆಗೆ ಇನ್ನೊಂದು ಮಾಂಸದ ತುಂಡು ಬಡಿಸಿ, "ಅಷ್ಟು ಸುಲಭ ಅಂದ್ಕೊಂಡ್ಯಾ ಮಗಳೇ? ನಾನೇ ಅಬುಂದಿಯೋ. ನನಗೇ ಇಷ್ಟು ವರ್ಷ ಹಿಡೀತು" ಅಂದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವಳಂತೂ ನಗುತ್ತಲೇ ಅತ್ತಳು.

ಈಗ ಅವಳು ಪೀಪಾಯಿಗಳ ನಡುವೆ ಬಂದು ನಿಂತಳು.

"ಮಾವ, ರುಬೆನ್‌ನ ಬೈಬೇಡಿ. ಹೆಸರು ಇಟ್ಟಿದ್ದು ಅವನಲ್ಲ, ನಾನು. ಅವನು ಬೇಡ ಅಂತಾನೇ ಇದ್ದ."

ಗಂಡ ಕೈಯಲ್ಲಿದ್ದ ಬ್ರಷ್ ಕೆಳಗಿಟ್ಟ.

"ಅವತ್ತು ನಾನು ಜಗ್ಗು ಬೀಳಿಸಿದೆನಲ್ಲ. ನಿಮ್ಮನ್ನ ನಿಮ್ಮ ಮನೇಲೇ ಕೂತು ಆಡ್ಕೊಂಡೆ. ನಾನು ಎದ್ದು ಓಡೋಗ್ಬೇಕು ಅಂತಿದ್ದೆ. ನೀವು ನನ್ನನ್ನ ನಗಿಸಿ ಕೂರಿಸಿದ್ರಿ. ನನ್ನ ಮಗನಿಗೆ ಅಂಥ ಗಂಡಸಿನ ಹೆಸರು ಬೇಕು ಅನ್ನಿಸ್ತು. ಬೇರೆ ಕಾರಣ ಇಲ್ಲ."

ಅವನು ಕೆಳಗೆ ನೋಡುತ್ತಲೇ ಹೇಳಿದ: "ಜೋಕಿಗೆ ನಾನು ಹೆದರಲ್ಲ ಮಗಳೇ. ಅವೆಲ್ಲ ನಾನೇ ಹೇಳ್ತೀನಿ, ಅವರಿಗಿಂತ ಚೆನ್ನಾಗಿ. ಶಾಲೇಲಿ ಮೇಷ್ಟ್ರು ಪೆದ್ರೋ ಅಂದ್ರೆ ನಾಲ್ಕು ಜನ ಎದ್ದು ನಿಲ್ಲೋರು, ಒಬ್ಬರನ್ನೊಬ್ಬರು ತಳ್ಳಾಡೋರು. ಅಬುಂದಿಯೋ ಅಂದ್ರೆ ಇಡೀ ತರಗತಿ ತಿರುಗಿ ನನ್ನೊಬ್ಬನನ್ನೇ ನೋಡೋದು. ಸೈನ್ಯದಲ್ಲೂ ಹಾಗೇ, ಎಲ್ಲಿ ಹೋದ್ರೂ ಹಾಗೇ. ಒಬ್ಬನೇ. ಅದು ಏನು ಅಂತ ನಿನಗೆ ಗೊತ್ತಿಲ್ಲ. ಈ ಕೂಸಿಗೆ ಅದು ಬೇಡ."

ಲೆಯ್ರೆ ಮಗುವನ್ನು ಹೆಗಲಿಗೆ ಹಾಕಿಕೊಂಡಳು. "ಭಾನುವಾರ ಚರ್ಚಲ್ಲಿ ಇವನನ್ನ ಎತ್ಕೊಳ್ಳೋಕೆ ಬೇರೆ ಯಾರನ್ನೂ ಕರೆಯಲ್ಲ. ನೀವು ಬರದಿದ್ರೆ ಧರ್ಮಪಿತನೇ ಇಲ್ಲದೆ ಆಗುತ್ತೆ" ಎಂದಷ್ಟೇ ಹೇಳಿ ಮೆಟ್ಟಿಲು ಹತ್ತಿ ಹೋದಳು. ಗಟ್ಟಿ ಹುಡುಗಿ. ನನಗೆ ಇಂಥ ಸೊಸೆಯೇ ಬೇಕಿತ್ತು.

ಅವನು ಬಂದೇ ಬರುತ್ತಾನೆ ಅಂತ ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ. ಮನೆಯಲ್ಲಿ ಅವನ ಕಪ್ಪು ಸೂಟಿಗೆ ಇಸ್ತ್ರಿ ಹಾಕಿ ಕುರ್ಚಿಯ ಬೆನ್ನಿಗೆ ನೇತುಹಾಕಿದೆ. ಭಾನುವಾರ ಬೆಳಿಗ್ಗೆ ಅವನು ಅದನ್ನು ತೊಟ್ಟುಕೊಂಡ. "ಮಗೂನ ಎತ್ಕೋತೀನಿ. ಹೆಸರು ಹೇಳ್ತೀನಿ ಅಂತ ಮಾತ್ರ ಅಂದ್ಕೋಬೇಡ" ಅಂದ. "ನಾನೇನೂ ಅಂದ್ಕೊಂಡಿಲ್ಲಪ್ಪ" ಅಂದೆ. ಅವನ ಕಾಲರ್ ಸರಿಮಾಡಿ ಬಾಗಿಲು ತೆರೆದೆ.

ಚರ್ಚು ತುಂಬಿತ್ತು. ನಮ್ಮೂರಿನವರು ಅರ್ಧ ಪ್ರೀತಿಗೆ ಬಂದಿದ್ದರು, ಅರ್ಧ ತಮಾಷೆ ನೋಡಲು ಬಂದಿದ್ದರು. ಫಾದರ್ ವಿಲ್ಮರ್ ನೀರಿನ ಬೋಗುಣಿಯ ಹತ್ತಿರ ನಿಂತು, "ಈ ಮಗುವಿಗೆ ಯಾವ ಹೆಸರು ಆರಿಸಿದ್ದೀರಿ?" ಎಂದು ಕೇಳಿದರು. ಗಂಡ ಮಗುವನ್ನು ಎದೆಗೊತ್ತಿಕೊಂಡು ನಿಂತೇ ಇದ್ದ. ಫಾದರ್ ಕಾದರು. ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದ ಹಾಗೆ ಮಾಡಿ ನಗು ನುಂಗಿಕೊಂಡರು. ರುಬೆನ್ ಇನ್ನು ತಾನೇ ಹೇಳಿಬಿಡೋಣ ಎಂದು ಬಾಯಿ ತೆರೆದ. ನಾನು ಅವನ ಕಾಲು ತುಳಿದೆ.

"ಅಬುಂದಿಯೋ" ಅಂದ ನನ್ನ ಗಂಡ. ದನಿ ಅಷ್ಟಾಗಿ ಹೊರಡಲಿಲ್ಲ. ಮುಂದಿನ ಬೆಂಚಿಗೆ ಕೇಳಿಸಿತು, ಹಿಂದಿನವರಿಗೆ ಕೇಳಿಸಿತೋ ಇಲ್ಲವೋ. ನೀರು ಬಿದ್ದಾಗ ಮಗು ಮಾತ್ರ ಚರ್ಚಿನ ಹಂಚು ಹಾರುವಂತೆ ಕಿರುಚಿತು. ಅವನ ಮುಖ ನೋಡಿದರೆ ಇನ್ನೂ ತಪ್ಪು ಮಾಡಿದವನ ಹಾಗೇ ಇತ್ತು. ಹೇಳಿದನಲ್ಲ ಎಂದು ಸಮಾಧಾನಪಡಲು ಹೋದರೂ ನನ್ನ ಮನಸ್ಸು ಒಪ್ಪಲಿಲ್ಲ.

ಹೊರಗೆ ಬಂದರೆ ಊರಿನ ಮಕ್ಕಳೆಲ್ಲ ಬಾಗಿಲಲ್ಲೇ ಕಾದಿದ್ದರು. ಧರ್ಮಪಿತ ಮಿಠಾಯಿ ಎರಚಬೇಕು, ಮಕ್ಕಳು ನೆಲದ ಮೇಲೆ ಬಿದ್ದು ಹೊರಳಾಡಿ ಆರಿಸಬೇಕು, ಸಾಲದು ಅಂತ ಅವನನ್ನು ಜಿಪುಣ ಎಂದು ಹಂಗಿಸಬೇಕು. ಇದು ನಮ್ಮಲ್ಲಿ ಮಕ್ಕಳಿಗಿರುವ ಹಕ್ಕು, ಅವತ್ತು ಯಾರೂ ಬೈಯುವ ಹಾಗಿಲ್ಲ. ಗಂಡ ಒಂದು ಕೈಯಲ್ಲಿ ಮಗು ಹಿಡಿದು, ಇನ್ನೊಂದು ಕೈಯಿಂದ ನನ್ನ ಚೀಲದಿಂದ ತೆಗೆದು ತೆಗೆದು ಎರಚಿದ. ಚೀಲ ಬರಿದಾಯಿತು. ಮಕ್ಕಳು ಬಿಡಬೇಕಲ್ಲ. ಒಂದು ಕಿಲಾಡಿ "ಏ ಅಬುಂದಿಯೋ! ಇಷ್ಟೇನಾ?" ಅಂತ ಕೂಗಿದ್ದೇ ತಡ, ಉಳಿದವೆಲ್ಲ ಹಿಡಿದುಕೊಂಡವು. "ಅಬುಂದಿಯೋ! ಅಬುಂದಿಯೋ!" ಅಂಗಳವೆಲ್ಲ ಅದೇ ಕೂಗು. ಅಪ್ಪ ಅಮ್ಮಂದಿರು ಶ್ ಶ್ ಅಂದರೂ ಕೇಳುವವರಿಲ್ಲ. ಇಡೀ ಊರು ತಿರುಗಿ ಅವನನ್ನು ನೋಡಿತು.

ಅವನ ಮುಖ ಬಿಳುಚಿಕೊಂಡಿತು. ತೋಳಿನಲ್ಲಿದ್ದ ಮಗುವಿನ ಕಡೆ ನೋಡಿದ. ಮತ್ತೊಮ್ಮೆ ನೋಡಿದ. ಆಮೇಲೆ ತಲೆಯೆತ್ತಿ, ದ್ರಾಕ್ಷಿ ಕೊಯ್ಲಿನಲ್ಲಿ ತೋಟದ ಆ ಬದಿಯವರನ್ನು ಕರೆಯುವಾಗಿನ ದನಿಯಲ್ಲಿ ಗದರಿದ.

"ಯಾರನ್ನ ಕರೀತಿದ್ದೀರೋ? ಸರಿಯಾಗಿ ಹೇಳಿ! ಇಲ್ಲಿ ಇಬ್ಬರಿದ್ದೀವಿ!"